ನಾಲ್ಕು ವಡೆ, ಎರಡು ಕಡೆ

‘ಈ ಸಲ ನನ್ನ ಕಡೆಗೆ ಹಾಕ್ರೀ. ಪೈಪೋಟಿ ಬಿಗಿ ಇದೆ.’

ನನ್ನ ಹೆಂಡತಿ ನನಗೆ ಹೇಳಿದ ಕೊನೆ ಮಾತು ಇದು. ಆಸ್ಪತ್ರೆ ಮಂಚದ ಮೇಲೆ ಕೈ ಆಡಿಸಿ ಹತ್ತಿರ ಕರೆದಳು. ಪ್ರೀತಿಯ ಮಾತೇನೋ ಅಂತ ಬಗ್ಗಿದೆ. ವೋಟು ಕೇಳಿದಳು. ಹೂಂ ಅಂದೆ.

ನಮ್ಮ ಮನೇಲಿ ಇಂಥದ್ದು ಆಗ್ತಾನೇ ಇತ್ತು. ಅಮೆರಿಕದ ಪೌರರಾದ ದಿನದಿಂದ ಪಕ್ಷ ಒಂದೇ, ಆದರೆ ಅವಳ ಅಭ್ಯರ್ಥಿ ಬೇರೆ, ನನ್ನ ಅಭ್ಯರ್ಥಿ ಬೇರೆ.

೧. ವಡೆ

ನಾನು ಓದಿದ್ದು ನಾಲ್ಕನೇ ಕ್ಲಾಸು. ಇಲ್ಲಿ ಲಿವೋನಿಯಾ ಅನ್ನೋ ಊರಿನ ಒಂದು ತಿಂಡಿ ಅಂಗಡಿಯ ಅಡುಗೆಮನೇಲಿ ಕೆಲಸ. ಅಲ್ಲಿಗೆ ತಿಂಡಿಗೆ ಬರೋ, ಹತ್ತಿರದ ವಾರೆನ್ ಊರಿನ ಇಂಜಿನಿಯರ್ ಒಬ್ಬರು ಪ್ರೈಮರಿ ಅಂದ್ರೆ ಏನು ಅಂತ ನಮ್ಮಿಬ್ಬರಿಗೂ ಹೇಳಿಕೊಟ್ಟರು. ಅಧ್ಯಕ್ಷ ಚುನಾವಣೆಗೆ ಯಾರನ್ನ ನಿಲ್ಲಿಸಬೇಕು ಅಂತ ಪಕ್ಷದ ಒಳಗೇ ನಡೆಯೋ ಆಯ್ಕೆ ಅದು. ವೋಟಿಗೆ ತಕ್ಕಂತೆ ಡೆಲಿಗೇಟ್, ಅಂದ್ರೆ ಪ್ರತಿನಿಧಿಗಳನ್ನ, ಹಂಚ್ತಾರೆ. ಕೊನೆಗೆ ಆರಿಸೋದು ಆ ಡೆಲಿಗೇಟ್‌ಗಳು.

ಡೆಲಿಗೇಟ್ ಅಂತ ತಟ್ಟೇಲಿ ನಾಲ್ಕು ವಡೆ ಇಟ್ಟರು. ‘ಅಂಕಲ್, ನಿಮಗೆ ನೂರಕ್ಕೆ ಐವತ್ತೈದು ವೋಟು. ಆಂಟಿಗೆ ನಲವತ್ತೈದು. ಎರಡೆರಡು ವಡೆ.’

‘ಗೆದ್ದೋನು ನಾನಲ್ವಾ?’

‘ವಡೆ ಮುರಿಯೋ ಹಾಗಿಲ್ಲ ಅಂಕಲ್.’

ಇನ್ನೊಂದು ವಡೆ ಸೇರಿಸಿದರು. ‘ಈಗ ಐದು. ಒಂದೇ ವೋಟು ಜಾಸ್ತಿ ಬಂದರೂ ಮೂರು ನಿಮಗೆ, ಎರಡು ಆಂಟಿಗೆ.’

ಸಂತೋಷವಾಯ್ತು. ತಟ್ಟೆ ನೋಡಿದರೆ ನಾಲ್ಕೇ ಇದೆ. ಅವಳ ಬಾಯಿ ಆಡ್ತಿತ್ತು.

‘ಸಮ ಆಯ್ತು’ ಅಂದಳು.

೨. ಹದಿನಾಲ್ಕು ಮಂದಿ

ಯುಗಾದಿ ಊಟಕ್ಕೆ ಯಾವ ಸಿಹಿ ಅಂತ ನಮ್ಮ ಕನ್ನಡದೋರಲ್ಲಿ ಜಗಳ. ಇವಳು ಪ್ರೈಮರಿ ಥರಾನೇ ಮಾಡೋಣ ಅಂದಳು. ನೂರು ಜನ ವೋಟು ಹಾಕಿದರು. ಬೇಳೆ ಹೋಳಿಗೆ, ಚಿರೋಟಿ ಹತ್ತಿರ ಹತ್ತಿರ ಬಂದವು. ಹುಬ್ಬಳ್ಳಿ ಕಡೆಯ ಡಾಕ್ಟರ್ ಕೇಳಿದ ಶೇಂಗಾ ಹೋಳಿಗೆಗೆ ಹದಿನಾಲ್ಕು.

‘ನೂರಕ್ಕೆ ಹದಿನೈದು ಬರದೇ ಇದ್ದರೆ ಸೊನ್ನೆ. ಪ್ರೈಮರೀಲೂ ಅದೇ ರೂಲು’ ಅಂದಳು ಇವಳು.

ಡಾಕ್ಟರ್ ಕೇಳಿದರು: ‘ಹಂಗಾರ ಹದಿನಾಲ್ಕು ಮಂದಿ ಉಪವಾಸ ಕುಂದ್ರಬೇಕೇನ್ರೀ ಅಕ್ಕಾರ?’

ಯುಗಾದಿ ದಿನ ಆ ಹದಿನಾಲ್ಕೂ ಮಂದಿ ಮನೆಯಿಂದ ಶೇಂಗಾ ಹೋಳಿಗೆ ಡಬ್ಬಿ ತಂದರು. ಮೊದಲು ಖಾಲಿ ಆಗಿದ್ದು ಆ ಡಬ್ಬಿಗಳೇ. ಮೊದಲು ಕೈ ಹಾಕಿದ್ದು ಇವಳೇ.

೩. ಮಗಳ ವೋಟು

ಮಗಳು ಇರೋದು ಚಿಕಾಗೋ ಹತ್ತಿರ, ಎಲ್ಕ್ ಗ್ರೋವ್ ವಿಲೇಜಲ್ಲಿ. ಇವಳು ಫೋನ್ ಮಾಡಿ, ‘ಇಲ್ಲಿ ಬಿಗಿ ಇದೆ ಕಣೆ, ನಿನ್ನ ವೋಟು ಇಲ್ಲಿಗೆ ಬಂದು ಹಾಕು’ ಅಂದಳು.

‘ಅಮ್ಮಾ, ದಟ್ಸ್ ಎ ಕ್ರೈಮ್.’

‘ಸರಿ. ಊಟಕ್ಕೆ ಬಾ.’

೪. ಮಾರನೆ ಬೆಳಿಗ್ಗೆ

ಅವಳು ಹೋದ ಮೂರು ವಾರಕ್ಕೆ ಪ್ರೈಮರಿ ಬಂತು. ಹಿಂದಿನ ಸಂಜೆ ಮಗಳ ಫೋನು. ‘ಅಪ್ಪಾ, ಇಟ್ಸ್ ಟೂ ಕ್ಲೋಸ್.’ ನಮ್ಮ ಡಿಸ್ಟ್ರಿಕ್ಟಿಗೆ ಐದು ಡೆಲಿಗೇಟಂತೆ. ಒಂದು ವೋಟೂ ಲೆಕ್ಕಕ್ಕೆ ಬರುತ್ತಂತೆ. ನನ್ನ ಕಡೆಯವರು ಗೆಲ್ಲೋ ಹಾಗಿದ್ದರು. ಆದರೆ ಆಸ್ಪತ್ರೇಲಿ ಹೂಂ ಅಂದಿದ್ದೆ ಅವಳಿಗೆ.

ಬೆಳಿಗ್ಗೆ ಶಾಲೆಗೆ ಹೋದೆ. ಅಲ್ಲೇ ವೋಟು. ವೋಟಿನ ಕಾಗದ ಕೊಡೋ ಅಜ್ಜಿಗೆ ನನ್ನ, ನನ್ನ ಹೆಂಡತಿಯ ಗುರುತಿದೆ. ಪ್ರತಿ ಸಲ ನಾವಿಬ್ಬರೂ ಸಾಲಲ್ಲಿ ನಿಂತೇ ಜಗಳ ಆಡ್ತಿದ್ವಿ.

ಹೆಸರಿನ ಪಕ್ಕದ ಸೊನ್ನೆ ಕಪ್ಪು ಮಾಡಬೇಕು. ಕೈ ಅಭ್ಯಾಸ, ನನ್ನ ಕಡೆಗೇ ಹೋಯ್ತು. ತಪ್ಪಾಯ್ತು ಅಂದೆ. ಅಜ್ಜಿ ಅದನ್ನ ರದ್ದು ಮಾಡಿ ಬೇರೆ ಕೊಟ್ಟಳು.

ಎರಡನೆಯದರಲ್ಲಿ ಅವಳ ಕಡೆಗೆ ಹಾಕಿದೆ. ಹೊಟ್ಟೆ ಉರೀತು. ನನ್ನ ಕಡೆಗೂ ಹಾಕಿದೆ. ಮಶೀನು ವಾಪಸ್ ಉಗುಳಿತು.

‘ಇಬ್ಬರಿಗೆ ಹಾಕಿದೀರಿ’ ಅಂದಳು ಅಜ್ಜಿ.

ನನಗೆ ಬರೋ ಇಂಗ್ಲಿಷಲ್ಲಿ ಹೇಳಿದೆ. ‘ಡೆಲಿಗೇಟ್ ಹಂಚ್ತೀರಿ. ಇದನ್ನೂ ಹಂಚಿ.’

‘ಒಬ್ಬರಿಗೆ ಒಂದೇ ವೋಟು. ನಿಮ್ಮ ಹೆಂಡತಿ ಎಲ್ಲಿ?’

ಹೇಳಿದೆ. ಅಜ್ಜಿ ಆ ಕಾಗದಾನೂ ರದ್ದು ಮಾಡಿದಳು. ಮೂರನೇ ಕಾಗದ ಕೈಗಿಟ್ಟಳು.

ಹಾಕಿದೆ. ಮಶೀನು ನುಂಗಿತು.

‘ಕೊನೆಗೆ ಯಾರು ಗೆದ್ದರು?’ ಅಂತ ಮೆಲ್ಲಗೆ ಕೇಳಿದಳು.

‘ಅವಳೇ’ ಅಂದೆ. ‘ಮೂರನೇ ಸುತ್ತಲ್ಲಿ.’