ಮೂಲೆ ಹರಿದ ಪ್ರೇಮಪತ್ರ

ನನ್ನ ಸೋದರಮಾವ ತನ್ನ ಸಾವಿಗೆ ಅಳಲು ಬಂದವರನ್ನು ತಾನೇ ಬಾಗಿಲಲ್ಲಿ ನಿಂತು, ಬಾಯ್ತುಂಬ ಮಂಡಕ್ಕಿ ಜಗಿಯುತ್ತ, "ಬರ್ರಿ, ಬರ್ರಿ" ಎಂದು ಸ್ವಾಗತಿಸಿದ ಮಹಾನುಭಾವ! ಇದನ್ನು ನಾನು ಕಂಡೆನೋ, ಅವ್ವ ಹೇಳಿದ್ದನ್ನೇ ಕಂಡೆನೆಂದು ನಂಬಿದೆನೋ? ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ ಮೇಲೆ ನನ್ನ ನೆನಪಿನ ಮೇಲೆ ನನಗೇ ವಿಶ್ವಾಸವಿಲ್ಲ.

ಮಾವನ ರೋಗದ ಹೆಸರು ಕಾದಂಬರಿ. ಹಾನಗಲ್ಲಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿ ಮುಗಿಸಿದ್ದ. ಮದುವೆಯೇನೋ ಆಗಿತ್ತು, ಅತ್ತೆ ಮಾತ್ರ ಇನ್ನೂ ಶಿಗ್ಗಾಂವಿಯ ತವರಿನಲ್ಲೇ ಇದ್ದಳು. ಸುಗ್ಗಿಯಾಗಲಿ, ಶ್ರಾವಣ ಕಳೆಯಲಿ ಎನ್ನುತ್ತ ಅವಳಪ್ಪ ಎರಡು ವರ್ಷ ದೂಡಿದ್ದರು. ಮಾವನಿಗೆ ಉಳಿದದ್ದು ಪತ್ರವೊಂದೇ! "ಪ್ರಾಣಕಾಂತೆ, ನಿನ್ನ ವಿರಹದಲ್ಲಿ ಅನ್ನ ಸೇರದು, ನಿದ್ರೆ ಬಾರದು" ಎಂದು ಬರೆದು, ಎದ್ದು ನಾಲ್ಕು ರೊಟ್ಟಿ ತಿಂದ. ಆ ಕಾಲದಲ್ಲಿ ಬಂದ ಪತ್ರ ಇಡೀ ಮನೆಯ ಸ್ವತ್ತಲ್ಲವೇ? ಅವಳಪ್ಪ ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿ, "ಅಳಿಯಂದ್ರ ಹೊಟ್ಟಿ ಕೆಟ್ಟೈತಿ" ಎಂದು ಅಜವಾನ ಕಳಿಸಿದರು!

ಅಷ್ಟರಲ್ಲಿ ಹೊಸದೊಂದು ಕಾದಂಬರಿ ಸಿಕ್ಕಿತು. ಅದರ ನಾಯಕ ಪತ್ರದ ಮೂಲೆಯನ್ನು ಹರಿದು ತನ್ನ ಬಳಿ ಇಟ್ಟುಕೊಂಡು, ಉಳಿದದ್ದನ್ನು ನಾಯಕಿಗೆ ಕಳಿಸುತ್ತಾನೆ. ಕೂಡಿದ ದಿನ ಎರಡನ್ನೂ ಜೋಡಿಸಬೇಕು. ಎಂಥ ಪ್ರೇಮ! ಮಾವನೂ ಹರಿದ. ನಮ್ಮ ಸೀಮೆಯಲ್ಲಿ ಮೂಲೆ ಹರಿದು ಕಳಿಸುವುದು ಸಾವಿನ ಸುದ್ದಿಯನ್ನು ಎಂಬುದು ಕಾದಂಬರಿಕಾರನಿಗೆ ಗೊತ್ತಿರಲಿಲ್ಲ, ಮಾವನಿಗೆ ನೆನಪಾಗಲಿಲ್ಲ!

ಶಿಗ್ಗಾಂವಿಯಲ್ಲಿ ಹರಿದ ಮೂಲೆ ಕಂಡದ್ದೇ ತಡ, ಪತ್ರವನ್ನು ಅಂಗಳಕ್ಕೆ ಎಸೆದು, ಅಳಿಯನೇ ಹೋದನೆಂದು ಎಲ್ಲರೂ ಬೊಬ್ಬೆ ಇಟ್ಟರು. ಓದುವವರು ಯಾರು? ಬಳೆ ಒಡೆಯಲು ಬಂದ ಮುದುಕಿಯರಿಗೆ ಅತ್ತೆ, "ಮುಖಾ ನೋಡೂತನಕ ಒಡಸಂಗಿಲ್ಲ" ಎಂದುಬಿಟ್ಟಳು. ಎರಡು ಬಂಡಿ (ಮೂರೋ?) ಅಳುತ್ತ ಹಾನಗಲ್ಲಿಗೆ ಬಂದವು.

"ಯಾಕ್ರಿ ಅಳಾಕತ್ತೀರಿ? ಯಾರು ಹೋದ್ರು?" ಎಂದ ಮಾವ.

"ನೀವ ಹೋಗೀರಲ್ರಿ!"

ಸಂಗತಿ ತಿಳಿದ ಮೇಲೆ ಅವಳಪ್ಪ ಕೆಂಡವಾದರು. "ಇಂಥಾ ಹುಚ್ಚಗ ಮಗಳನ್ನ ಎಂದೂ ಕಳಸಂಗಿಲ್ಲ! ಹೂಡ್ರಿ ಬಂಡಿ!"

ಮಾವನ ಕೈಯಿಂದ ಮಂಡಕ್ಕಿ ಉದುರಿತು.

ಅತ್ತೆಯೇ ಬಂಡಿಯಿಂದ ಇಳಿದಳು. "ಅಪ್ಪಾ, ಬಂದದ್ದು ಬಂದೇನಿ. ಇನ್ನ ಇಲ್ಲೇ ಇರ್ತೇನಿ." ಆಮೇಲೆ ಮಾವನ ಕಡೆ ತಿರುಗಿ, ಮೆಲ್ಲಗೆ: "ಆ ತುಂಡು ಎಲ್ಲೈತ್ರಿ?"

ಸೆರಗಿನ ಗಂಟಿನಿಂದ ಪತ್ರ ಹೊರಗೆ ಬಂತು. ಅಂಗಳಕ್ಕೆ ಬಿದ್ದದ್ದನ್ನು ಹೊರಡುವ ಮುಂಚೆಯೇ ಓದಿದ್ದಳು ಪುಣ್ಯಾತ್ಗಿತ್ತಿ! ದಾರಿಯುದ್ದಕ್ಕೂ ಸೆರಗಿನೊಳಗೆ ಅತ್ತಳೋ ನಕ್ಕಳೋ, ಬಲ್ಲವರಾರು?

ಹತ್ತು ವರ್ಷಗಳ ಮೇಲೆ ಸವಣೂರಿನ ನಮ್ಮ ಮನೆಗೆ ಮಾವನ ಪತ್ರ ಬಂತು. ನಾಲ್ಕೂ ಮೂಲೆ ನೆಟ್ಟಗಿದ್ದವು. "ಓದು, ಏನ ಹುಚ್ಚಾಟ ಬರದಾನ ನೋಡೋಣು" ಎಂದು ಅವ್ವ ನಕ್ಕಳು. ನಾನು ಓದಿದೆ:

"ಅಕ್ಕಾ, ಆಕಿ ಹೋದ್ಲು. ಮೂಲಿ ಹರಿಯಾಕ ಹೋದ್ನಿ. ಆಕಿ ಈ ಮನಿಗೆ ಬಂದದ್ದು ಆ ಹರಿದ ಮೂಲಿಯಿಂದ. ಕೈ ಬರಲಿಲ್ಲ."

ಸಾವಿನ ಪತ್ರವನ್ನು ಓದಿದ ಕೂಡಲೇ ಹರಿದು ಹಾಕಬೇಕು. ಅವ್ವ ಅದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟಳು. ಇದನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ.