ಸುರಂಗದ ತಮಟೆಯೂ ನಾಲ್ಕನೆಯ ಜಾಗವೂ

ಐ.ಡಿ.ಹಳ್ಳಿ ಕಡೆಯ ನಮ್ಮಜ್ಜಿಯ ಊರಿನಲ್ಲಿ, ಮನೆಯ ಹಿಂದಿನ ಬಂಡೆಗುಡ್ಡದಲ್ಲಿ ಒಂದು ಸುರಂಗವಿದೆ. ಅದು ನೆಲದೊಳಗೇ ಸಾಗಿ ಶಿರಾ ಕೋಟೆಯಲ್ಲಿ ಹೊರಬೀಳುತ್ತದೆ ಎಂದು ನಾನು ಆರು ವರ್ಷದವಳಿದ್ದಾಗ ಕೇಳಿದ್ದೆ. ಪಾಳೆಯಗಾರರ ಕಾಲದಲ್ಲಿ ಅದರ ಉದ್ದ ತಿಳಿಯಲು ಒಬ್ಬ ತಮಟೆಯವನನ್ನು ಒಳಕ್ಕೆ ಬಿಟ್ಟರಂತೆ. ಅವನು ಬಾರಿಸುತ್ತ ಒಳಗೆ ನಡೆದ. ಊರವರು ಸದ್ದನ್ನು ಆಲಿಸುತ್ತ ಮೇಲೆ ನಡೆದರು. ಕಳ್ಳಂಬೆಳ್ಳದ ಕೆರೆಯ ಬಳಿ ಸದ್ದು ನಿಂತಿತು. ತಮಟೆಯವನು ಹೊರಗೆ ಬರಲೇ ಇಲ್ಲ. "ಈಗ್ಲೂ ಒಳಗೋಗಿ ಗೋಡೆಗೆ ಕಿವಿ ಇಟ್ರೆ ಕೇಳ್ತೈತೆ ಕಣಮ್ಮ," ಎಂದು ಅಜ್ಜಿ ದನಿ ತಗ್ಗಿಸಿ ಮುಗಿಸುತ್ತಿದ್ದಳು.

ಈಗ ನಾನು ಮಧುಗಿರಿಯಲ್ಲಿ ಪರವಾನಗಿ ಪಡೆದ ಭೂಮಾಪಕಿ. ಈ ಕತೆಯ ಬಗ್ಗೆ ನನಗೆ ಎರಡು ಸಂದೇಹಗಳಿವೆ. ಮೊದಲನೆಯದು, ಅಷ್ಟು ದಪ್ಪದ ಬಂಡೆಯ ಮೂಲಕ ತಮಟೆಯ ಸದ್ದು ಮೇಲಿನವರಿಗೆ ಹೇಗೆ ಕೇಳಿಸಿತು? ಎರಡನೆಯದು, ನಕ್ಷೆ ಹರಡಿ ನೋಡಿದರೆ ಐ.ಡಿ.ಹಳ್ಳಿಯಿಂದ ಶಿರಾಕ್ಕೆ ನೇರವಾಗಿ ಹೋಗುವವನಿಗೆ ಕಳ್ಳಂಬೆಳ್ಳ ದಾರಿಯಲ್ಲಿ ಸಿಗುವುದೇ ಇಲ್ಲ. ಆ ಬಡಪಾಯಿ ನೆಲದೊಳಗೆ ದಾರಿ ತಪ್ಪಿದ್ದನೆಂದೇ ಭಾವಿಸಬೇಕು.

ಸಂದೇಹ ಬಂದದ್ದು ಕಾಲೇಜು ಸೇರಿದ ಮೇಲೆ. ಭಯ ಬಂದದ್ದು ಆರನೆಯ ವಯಸ್ಸಿನಲ್ಲಿ. ಹಾಗಾಗಿ ನನ್ನ ತಲೆ ನಂಬದ್ದನ್ನು ನನ್ನ ಕಾಲುಗಳು ಇಂದಿಗೂ ನಂಬುತ್ತವೆ, ಮತ್ತು ಇವೆರಡರ ನಡುವಿನ ಭಿನ್ನಾಭಿಪ್ರಾಯದಿಂದ ನನಗೆ ಆಗಾಗ ಅವಮಾನವಾಗುತ್ತಲೇ ಇರುತ್ತದೆ. ಈ ವರ್ಷ ಅದಕ್ಕೆ ಕಾರಣವಾದದ್ದು ಒಂದು ವಿಡಿಯೊ ಗೇಮ್.

೧. ಕುಕ್ಕರಿನ ಸಮಯಪ್ರಜ್ಞೆ

ನಾವು ನಾಲ್ವರು ಗೆಳತಿಯರು. ತುಮಕೂರಿನ ಹಾಸ್ಟೆಲಿನಲ್ಲಿ ವಾರ್ಡನ್ ನಮ್ಮನ್ನು ಹೆಸರಿನಿಂದಲ್ಲ, ತಾಲ್ಲೂಕಿನಿಂದ ಕೂಗುತ್ತಿದ್ದರು. ಆ ಅಭ್ಯಾಸ ನಮಗೂ ಅಂಟಿತು. ಶಿರಾ ಈಗ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಾಳೆ. ಕೊರಟಗೆರೆ ಕೊಳಾಲದ ಬಳಿ ಶಾಲೆಯ ಟೀಚರು. ಪಾವಗಡ ಸೋಲಾರ್ ಫಲಕಗಳ ಉಸ್ತುವಾರಿಯಲ್ಲಿದ್ದಾಳೆ. ಮಧುಗಿರಿ ಎಂದರೆ ನಾನು. ಹನ್ನೆರಡು ವರ್ಷಗಳಿಂದ, ಮದುವೆ, ಬಾಣಂತನ, ವರ್ಗಾವಣೆಗಳ ನಡುವೆಯೂ, ಪ್ರತಿ ಭಾನುವಾರ ಮಧ್ಯಾಹ್ನ ಎರಡು ಗಂಟೆ ಕಾಲ ನಾವು ನಮ್ಮ ನಮ್ಮ ಮನೆಯಲ್ಲೇ ಕುಳಿತು, ಹೆಡ್‌ಫೋನ್ ಧರಿಸಿ, ಒಟ್ಟಿಗೆ ಆಡುತ್ತೇವೆ. ವಾರದಲ್ಲಿ ನನ್ನದೆನ್ನುವ ಎರಡು ಗಂಟೆ ಅವು ಮಾತ್ರ.

ಪ್ರತಿ ಬೇಸಿಗೆಯಲ್ಲಿ ಹೊರದೇಶದ ಕಂಪನಿಗಳು ಮುಂದೆ ಬರಲಿರುವ ಆಟಗಳನ್ನು ಘೋಷಿಸುತ್ತವೆ. ಅದು ಅವರ ಬೇಸಿಗೆ. ನಮಗೆ ಪಂಚಾಂಗದ ಪ್ರಕಾರ ಅದು ಮುಂಗಾರು, ಆಕಾಶದ ಪ್ರಕಾರ ಬೇಸಿಗೆಯೇ. ಆಗ ನಾಲ್ವರೂ ಒಂದು ಮನೆಯಲ್ಲಿ ಸೇರಿ, ಟ್ರೇಲರುಗಳನ್ನೆಲ್ಲ ನೋಡಿ, ಯಾವುದನ್ನು ಆಡಬೇಕೆಂದು ಪಟ್ಟಿ ಮಾಡುತ್ತೇವೆ. ಪಟ್ಟಿ ಬರೆಯುವುದು ನನ್ನ ಕೆಲಸ. ಉಳಿದವರ ಅಕ್ಷರದ ಮೇಲೆ ನನಗೆ ನಂಬಿಕೆಯಿಲ್ಲ.

ಈ ಸಲ ಶಿರಾಳ ಮನೆಯಲ್ಲಿ ಸೇರಿದ್ದೆವು. ಪರದೆ ಎಳೆದು ಮಧ್ಯಾಹ್ನವನ್ನು ಕತ್ತಲಾಗಿಸಿದ್ದಳು. ಮೊದಲಿಗೆ ಬಂದದ್ದು ಬೇಸಾಯದ ಆಟ. ಉಳುವುದು, ಬಿತ್ತುವುದು, ಹಸುವಿಗೆ ನೀರು ಕುಡಿಸುವುದು.

"ಇದನ್ನ ದಿನಾ ಬೆಳಗ್ಗೆ ಐದಕ್ಕೆ ಎದ್ದು ಮಾಡ್ಬುಟ್ಟೇ ಸ್ಕೂಲಿಗೆ ಹೋಗ್ತೀನಿ ಕಣೇ," ಎಂದಳು ಕೊರಟಗೆರೆ. "ಭಾನುವಾರಾನೂ ಇದೇನಾ? ಮುಂದಕ್ಕಾಕು."

ಮುಂದಿನದು ಭಯದ ಆಟ. ಕೋಟೆಯೊಂದರ ಅಡಿಯ ಸುರಂಗಕ್ಕೆ ನಾಲ್ವರು ಇಳಿಯುತ್ತಾರೆ. ಒಬ್ಬೊಬ್ಬರ ಕೈಯಲ್ಲೂ ಒಂದು ಗಂಟೆ. ಕತ್ತಲಲ್ಲಿ ಯಾರಿಗೂ ಯಾರೂ ಕಾಣುವುದಿಲ್ಲ. ಗಂಟೆಯ ಸದ್ದು ಕೇಳುವವರೆಗೆ ಅವರು ಇದ್ದಾರೆ ಎಂದರ್ಥ. ಪರದೆಯ ಮೇಲೆ ನಾಲ್ಕು ಗಂಟೆಗಳು ಮೂರಾದವು. ಮೂರು ಎರಡಾದವು. ಇದು ಅಜ್ಜಿಯ ಕತೆ. ತಮಟೆ ಹೋಗಿ ಗಂಟೆ ಬಂದಿದೆ, ಅಷ್ಟೇ. ಕೊನೆಯ ಗಂಟೆಯೂ ನಿಂತಿತು. ಪೂರ್ತಿ ನಿಶ್ಶಬ್ದ.

ಆಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು.

ನಾನು ಕೂಗಿದ್ದು ಕುಕ್ಕರಿಗಿಂತ ಜೋರಾಗಿತ್ತೆಂದು ಮೂವರೂ ಇಂದಿಗೂ ಸಾಕ್ಷಿ ಹೇಳುತ್ತಾರೆ. ಶಿರಾಳ ಅಮ್ಮಿ ಸೌಟು ಹಿಡಿದೇ ಓಡಿಬಂದರು. "ಕ್ಯಾ ಹುವಾ ಬೇಟಾ? ಡರೋ ನಕ್ಕೋ, ಹೆದರ್ಬೇಡ, ಇನ್ನೂ ಎರಡು ವಿಷಲ್ ಬಾಕಿ ಇದೆ!"

೨. ಕೊಳಾಲದ ನಾದಿನಿ

ಮೂವರಿಗೂ ಅದೇ ಆಟ ಬೇಕಾಯಿತು. ತೊಂದರೆಯೆಂದರೆ, ಅದನ್ನು ನಾಲ್ವರೇ ಆಡಬೇಕು. ಮೂವರಿದ್ದರೆ ಸುರಂಗದ ಬಾಗಿಲು ತೆರೆಯುವುದಿಲ್ಲ. ಎರಡು ವಾರದೊಳಗೆ ನಾಲ್ಕು ಹೆಸರು ನೋಂದಾಯಿಸಿದರೆ ಮುಂಚಿತವಾಗಿ ಆಡಲು ಬಿಡುತ್ತಾರೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ.

"ಪಟ್ಟೀಲಿ ಬರ್ಕೊ," ಎಂದಳು ಪಾವಗಡ.

ನಾನು ಲೇಖನಿಯ ಮುಚ್ಚಳ ತೆಗೆದೆ, ಹಾಕಿದೆ. "ಈ ಆಟದ ತರ್ಕದಲ್ಲಿ ಕೆಲವು ದೋಷಗಳಿವೆ," ಎಂದೆ.

"ಅರೆ, ಡರ್ ಗಯೀ," ಎಂದಳು ಶಿರಾ ಉಳಿದಿಬ್ಬರಿಗೆ. "ದೆವ್ವ ಇಲ್ಲ, ಸುರಂಗ ಇಲ್ಲ ಅಂತ ಹಾಸ್ಟೆಲ್‌ನಲ್ಲಿ ಭಾಷಣ ಮಾಡ್ತಿದ್ದೋಳು ಇವಳೇ ಅಲ್ವಾ?"

"ಭಯ ಅಲ್ಲ. ಸಂದೇಹ."

"ಸಂದೇಹ ಇರೋರು ಮನೇಲಿರ್ಲಿ ಬುಡು," ಎಂದಳು ಕೊರಟಗೆರೆ. "ಕೊಳಾಲದಲ್ಲಿ ನನ್ ನಾದಿನಿ ಅವ್ಳೆ. ನಾಲ್ಕನೇ ಜಾಗ ಖಾಲಿ ಆದ್ರೆ ನಂಗೇ ಹೇಳಿ ಅಂತ ಮೂರು ವರ್ಷದಿಂದ ಕಾಯ್ತಾವ್ಳೆ."

ತಮಾಷೆಗೆ ಆಡಿದ ಮಾತು. ಆದರೆ ಶಿರಾದಿಂದ ಮಧುಗಿರಿಗೆ ಬರುವ ಬಸ್ಸಿನಲ್ಲಿ ನಾನು ಲೆಕ್ಕ ಹಾಕಿದೆ: ಈ ಆಟ ಮುಗಿಯಲು ಒಂದು ವರ್ಷ ಬೇಕು. ಐವತ್ತೆರಡು ಭಾನುವಾರ ಮೂವರೊಂದಿಗೆ ನಗುವವಳು ಆ ನಾದಿನಿ. ಆ ಮೇಲೆ ನನ್ನ ಜಾಗ ನನಗೆ ಮರಳಿ ಸಿಕ್ಕೀತೆಂಬ ಭರವಸೆ ಏನು? ನನಗೆ ಈಗ ಎರಡು ಭಯಗಳಿದ್ದವು; ಒಂದು ಸುರಂಗ, ಇನ್ನೊಂದು ನಾದಿನಿ. ನಾದಿನಿಯನ್ನು ನಾನು ಒಮ್ಮೆ ನೋಡಿದ್ದೇನೆ. ಬಹಳ ಒಳ್ಳೆಯ ಹುಡುಗಿ. ಭಯ ಅದಕ್ಕೇ ಹೆಚ್ಚಾಯಿತು.

೩. ಓಡಿದ ಹದ್ದು

ಅದೇ ವಾರ ಒಂದು ಹೊಲದ ಹದ್ದುಬಸ್ತಿಗೆ, ಎಂದರೆ ಗಡಿ ಗುರುತಿಸಲು, ಹೋಗಿದ್ದೆ. ಅಕ್ಕಪಕ್ಕದ ಇಬ್ಬರು ರೈತರ ನಡುವೆ ಗಡಿಯ ತಕರಾರು. ಇಬ್ಬರೂ ನನ್ನ ಒಂದೊಂದು ಹೆಜ್ಜೆಯನ್ನೂ ಗಮನಿಸುತ್ತಿದ್ದರು. ಟೇಪಿನ ಒಂದು ತುದಿಯನ್ನು ಸಹಾಯಕನಿಗೆ ಕೊಟ್ಟು, ಇನ್ನೊಂದನ್ನು ಹಿಡಿದು, ಬಾಂದು ಕಲ್ಲು ನೆಡಬೇಕಾದ ಜಾಗಕ್ಕೆ ಬಂದು ನಿಂತೆ.

ಬೆನ್ನ ಹಿಂದೆ ಗಂಟೆ ಬಾರಿಸಿತು. ಆಟದ ಗಂಟೆ. ಅದೇ ಒಡಕು ದನಿ.

ಬೆನ್ನಿನ ಚೀಲದಲ್ಲಿದ್ದ ನನ್ನ ಫೋನಿನ ರಿಂಗ್‌ಟೋನನ್ನು ಪಾವಗಡ ಗುಟ್ಟಾಗಿ ಬದಲಿಸಿದ್ದಾಳೆಂದು ತಲೆಗೆ ಹೊಳೆಯುವ ಮೊದಲೇ ಕಾಲುಗಳು ಹೊರಟಿದ್ದವು. ಟೇಪು ಕೈಯಲ್ಲೇ ಇತ್ತು. ಪಕ್ಕದವನ ಅವರೆ ಸಾಲುಗಳನ್ನು ದಾಟಿ, ಬೇವಿನ ಮರದ ಬುಡದಲ್ಲಿ ನಿಂತಾಗಲೇ ನನಗೆ ಉಸಿರು ಬಂದದ್ದು.

ಹೊಲದ ಯಜಮಾನ ಸಲಾಕೆ ಹಿಡಿದು ಸಂತೋಷದಿಂದ ಹಿಂಬಾಲಿಸಿ ಬಂದಿದ್ದ. "ಇಲ್ಲೀಗಂಟ ನಮ್ದೇ ಅಂತ ನಮ್ಮಪ್ಪ ಹೇಳ್ತಾನೇ ಇದ್ದ ಕಣಮ್ಮ! ಕಲ್ಲು ಇಲ್ಲೇ ನೆಟ್ಬುಡ್ಲಾ?"

ಪಕ್ಕದವನು ಬಾಯಿ ಬಾಯಿ ಬಡಿದುಕೊಂಡ: "ಲೇ, ಆ ಯಮ್ಮ ಹೆದರ್ಕಂಡು ಓಡಿದ್ದು ಕಣ್ಲಾ, ಅಳತೆ ಅಲ್ಲ!"

ಇಬ್ಬರನ್ನೂ ಸಮಾಧಾನಪಡಿಸಿ ಮೊದಲಿನಿಂದ ಅಳೆಯಲು ಒಂದೂವರೆ ಗಂಟೆ ಹಿಡಿಯಿತು. ಯಜಮಾನನಿಗೆ ಇನ್ನೂ ಅಸಮಾಧಾನವಿದೆ. ಮೊದಲ ಅಳತೆಯೇ ಸರಿಯಾಗಿತ್ತಂತೆ.

೪. ಫಲಕಗಳ ನಡುವೆ

ಬೈಯಲೆಂದು ಪಾವಗಡಳಿಗೆ ಫೋನು ಮಾಡುವ ಮೊದಲೇ ಅವಳದೇ ವಿಡಿಯೊ ಕರೆ ಬಂತು. ಬಟ್ಟಬಯಲ ಬಿಸಿಲು, ಕಣ್ಣು ಹಾಯುವವರೆಗೆ ಫಲಕಗಳ ಸಾಲು. ಅದರ ನಡುವೆ ಒಬ್ಬಳೇ ನಿಂತು ಪಿಸುಗುಡುತ್ತಿದ್ದಳು. "ಗಂಟೆ ಕೇಳಿಸ್ತಿದೆ ಕಣೇ. ಒಂದು ಸಲ ಈ ಸಾಲು, ಒಂದು ಸಲ ಆ ಸಾಲು. ಯಾರೂ ಕಾಣ್ತಿಲ್ಲ. ವಸ್ತಾ ಉಂದಿ... ಹತ್ರ ಬರ್ತಾ ಇದೆ... ಅಮ್ಮೋ!"

ಫೋನು ಬಿದ್ದ ಸದ್ದು. ಗಂಟೆಯ ಸದ್ದು. ನಂತರ ಯಾವುದೋ ಪ್ರಾಣಿ ಗಿಡ ಜಗಿಯುವ ನಿರಾತಂಕ ಸದ್ದು. ಆಮೇಲೆ ಕುರಿ ಕಾಯುವ ಮುದುಕಪ್ಪನ ದನಿ: "ಏಮಮ್ಮಾ, ಗೊರ್ರೆನಿ ಎಪ್ಪುಡೂ ಚೂಡಲೇದಾ?"

ಹುಟ್ಟಿದಾಗಿನಿಂದ ಕುರಿಗಳ ನಡುವೆಯೇ ಬೆಳೆದವಳಿಗೆ, ಕುರಿಯನ್ನು ಎಂದೂ ನೋಡಿಲ್ಲವೇ ಎಂದು ಕೇಳಿದ್ದರು. ನಾನು ಬೈಯುವ ಕೆಲಸ ತಪ್ಪಿತು.

೫. ಗಂಟೆ ನಿಂತಿತು

ನೋಂದಣಿಗೆ ಒಂದೇ ದಿನ ಉಳಿದಿತ್ತು. ನಾನು ಮೂವರಿಗೂ ಸಂದೇಶ ಕಳಿಸಿದೆ: "ನಾಳೆ ಅಜ್ಜಿಯ ಊರಿಗೆ ಬನ್ನಿ. ಆ ಸುರಂಗವನ್ನು ಅಳೆಯುತ್ತೇನೆ. ಅಳೆದ ಮೇಲೆ ಹೆಸರು ಕೊಡುತ್ತೇನೆ."

"ಆಟ ಆಡೋಕೆ ಅಳತೆ ಯಾಕೆ ಬೇಕೇ?" ಎಂದಳು ಶಿರಾ. ಆದರೂ ಮೂವರೂ ಬಂದರು.

ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಗುಡ್ಡ ಹತ್ತಿದೆವು. ಸುರಂಗದ ಬಾಯಿ ನನ್ನ ಸೊಂಟದಷ್ಟು ಎತ್ತರ. ಒಳಗಿನಿಂದ ತಣ್ಣನೆಯ ಗಾಳಿ. ನಗುತ್ತ ಬಂದ ಮೂವರೂ ಎರಡು ಹೆಜ್ಜೆ ಹಿಂದೆ ಸರಿದರು. ಪಾವಗಡ ಆ ಮುದುಕಪ್ಪನಿಂದ ಕುರಿಯ ಗಂಟೆಯೊಂದನ್ನು ಕೇಳಿ ತಂದಿದ್ದಳು. "ಬಾರಿಸ್ತಾ ಹೋಗು," ಎಂದಳು. ದನಿಯಲ್ಲಿ ತಮಾಷೆಯಿರಲಿಲ್ಲ. "ಸದ್ದು ನಿಂತ್ರೆ ಎಳ್ಕೊಂಡ್ಬಿಡ್ತೀವಿ."

ಟೇಪಿನ ಡಬ್ಬಿಯನ್ನು ಕೊರಟಗೆರೆಯ ಕೈಗೆ ಕೊಟ್ಟು, ಅದರ ತುದಿ, ಟಾರ್ಚು ಮತ್ತು ಗಂಟೆ ಹಿಡಿದು ನಾನು ಒಳಗೆ ತೆವಳಿದೆ. ಅಂದು ಹಿಂತಿರುಗಿದ್ದರೆ ನನ್ನ ಜಾಗ ಕೊಳಾಲಕ್ಕೆ ಹೋಗುತ್ತಿತ್ತು. ಆ ಒಂದು ಯೋಚನೆ ನನ್ನನ್ನು ಹಿಂದಿನಿಂದ ದೂಡುತ್ತಿತ್ತು. ಗಂಟೆ ಬಾರಿಸುತ್ತ ಮೊಣಕಾಲಿನ ಮೇಲೆ ಸ್ವಲ್ಪ ದೂರ ಸಾಗಿರಬೇಕು, ಟಾರ್ಚಿನ ಬೆಳಕಿಗೆ ಮೂರು ತಲೆಗಳು ಕಂಡವು.

ದುಂಡಗೆ, ಕಪ್ಪಗೆ, ಸಾಲಾಗಿ. ಬಿಳಿಯ ಬಟ್ಟೆ ಸುತ್ತಿಕೊಂಡು.

ಓಡಲು ಅಲ್ಲಿ ಜಾಗವಿರಲಿಲ್ಲವಾದ್ದರಿಂದ ಕಾಲುಗಳ ಅಭಿಪ್ರಾಯ ಈ ಬಾರಿ ನಡೆಯಲಿಲ್ಲ. ನಾನು ನೋಡಲೇಬೇಕಾಯಿತು. ನೋಡಿದಾಗ, ಅವು ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಗುಡಾಣಗಳು. ಕಟ್ಟು ಬಿಚ್ಚಲು ಎರಡೂ ಕೈ ಬೇಕಿತ್ತು. ಗಂಟೆಯನ್ನು ಕೆಳಗಿಟ್ಟೆ.

ಹೊರಗಿನವರಿಗೆ ಗಂಟೆ ನಿಂತಿತು.

ಮೊಣಕಾಲಿನ ಕೆಳಗಿದ್ದ ಟೇಪು ಸರ್ರನೆ ಹೊರಕ್ಕೆ ಓಡಿತು. ತುದಿಯಲ್ಲಿ ನಾನಿಲ್ಲದ್ದನ್ನು ಕಂಡು ಮೂವರೂ ಒಂದೇ ದನಿಯಲ್ಲಿ ಕಿರುಚಿದರು. ಆಮೇಲೆ ಕಲ್ಲುಗಳು ಉರುಳುವ ಸದ್ದು, ಚಪ್ಪಲಿಗಳು ದೂರವಾಗುವ ಸದ್ದು. ನಾನು ಗುಡಾಣಕ್ಕೆ ಬೆರಳಿಟ್ಟು ನೆಕ್ಕಿದೆ. ಉಪ್ಪು ಬೆರೆಸಿದ ಹಳೆಯ ಹುಣಸೆಹಣ್ಣು. ಪಾಳೆಯಗಾರರ ಕಾಲದ್ದಲ್ಲ, ಹೋದ ವರ್ಷದ್ದು.

ಗುಡ್ಡ ಇಳಿದು ಅಜ್ಜಿಯ ಅಂಗಳಕ್ಕೆ ಬಂದಾಗ ಶಿರಾ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಳು. ಪಾವಗಡ ಚೊಂಬಿನ ನೀರನ್ನು ಕುಡಿಯುವ ಬದಲು ತಲೆಗೆ ಸುರಿದುಕೊಳ್ಳುತ್ತಿದ್ದಳು. ಕೊರಟಗೆರೆ ನನಗೆ ಬೆನ್ನು ಹಾಕಿ, ಬಿಕ್ಕಿ ಬಿಕ್ಕಿ ಅಳುತ್ತ, ಫೋನಿನಲ್ಲಿ ಮಾತಾಡುತ್ತಿದ್ದಳು:

"ಹೂಂ ಕಣೇ, ನಮ್ ಮಧುಗಿರಿ ಹೋಗ್ಬುಟ್ಳು... ಚಿನ್ನದಂಥೋಳು... ಹೆಂಗ್ ತಡ್ಕಳ್ಳೋದೇ... ನಾದಿನೀ, ನೋಂದಣಿ ಸಂಜೆ ಆರಕ್ಕೆ ಮುಗೀತದೆ, ನೀನ್ ಬರ್ತೀಯಾ?"

"ಬೇಡ ಅಂತ ಹೇಳು," ಎಂದೆ ಹಿಂದಿನಿಂದ. ಅಂದು ಆ ಊರಿನಲ್ಲಿ ನಿಜವಾದ ದೆವ್ವವನ್ನು ಕಂಡವಳು ಕೊರಟಗೆರೆ ಒಬ್ಬಳೇ.

ಅಜ್ಜಿ ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು. ನಾನು ಹುಣಸೆಯ ಬೆರಳನ್ನು ತೋರಿಸಿದೆ.

"ತಂಪಾಗಿರ್ತದೆ ಅಂತ ಅಲ್ಲೇ ಇಡೋದು," ಎಂದಳು. "ಮನೇಲಿ ಎಲ್ರಿಗೂ ಗೊತ್ತು. ನೀನು ಆರು ವರ್ಷದೋಳಿದ್ದಾಗ ಕದ್ದು ಅರ್ಧ ಗುಡಾಣ ತಿಂದು, ಮೂರು ದಿನ ಹೊಟ್ಟೆ ಕೆಡಿಸ್ಕಂಡಿದ್ದೆ. ಎಷ್ಟು ಗದರಿದ್ರೂ ಕೇಳ್ಲಿಲ್ಲ. ಅದ್ಕೇ ತಮಟೆಯೋನ್ನ ಒಳಗೆ ಕಳಿಸ್ದೆ."

ನಾಲ್ಕು ತಾಲ್ಲೂಕುಗಳ ಹೆಸರೂ ಆ ಮಧ್ಯಾಹ್ನವೇ ನೋಂದಣಿಯಾದವು, ಮೊದಲನೆಯದು ಮಧುಗಿರಿ.

ಟೇಪನ್ನು ಎಳೆದುಬಿಟ್ಟಿದ್ದರಿಂದ ಮೊದಲ ಅಳತೆಯನ್ನು ನಾನು ಒಪ್ಪುವಂತಿರಲಿಲ್ಲ. ಉಳಿದ ಮೂವರೂ ಮತ್ತೆ ಗುಡ್ಡ ಹತ್ತಲು ನಿರಾಕರಿಸಿದ್ದರಿಂದ ಎರಡನೆಯ ಬಾರಿ ಡಬ್ಬಿ ಹಿಡಿದವಳು ಅಜ್ಜಿ. ಕೊನೆಯ ಗೋಡೆಗೆ ಕಿವಿಯಿಟ್ಟು ಒಂದು ನಿಮಿಷ ಕೇಳಿದೆ ಎಂದು ಗೆಳತಿಯರಿಗೆ ಹೇಳಿದ್ದೇನೆ. ನಿಖರವಾಗಿ ಹೇಳುವುದಾದರೆ ನಾಲ್ಕು ಸೆಕೆಂಡು. ತಮಟೆ ಕೇಳಿಸಲಿಲ್ಲ. ಐ.ಡಿ.ಹಳ್ಳಿ ಕಡೆಯಿಂದ ಶಿರಾ ಕೋಟೆಗೆ ಹೋಗುವ ಸುರಂಗದ ಒಟ್ಟು ಉದ್ದ ಹನ್ನೊಂದು ಅಡಿ ಎರಡು ಅಂಗುಲ, ಗುಡಾಣಗಳನ್ನೂ ಸೇರಿಸಿ.