ಫ್ರಿಜ್ ಪಕ್ಕದ ಅಂಚೆ ಕಚೇರಿ

"ಇವತ್ತಿನಿಂದ ನಮ್ಮ ಮನೆಯ ಮೇಲ್ ಯಾರ ಹಂಗಿನಲ್ಲೂ ಹೋಗುವುದಿಲ್ಲ!" ಎಂದು ಶನಿವಾರ ಬೆಳಿಗ್ಗೆ ಘೋಷಿಸಿಬಿಟ್ಟೆ. ಆಫೀಸಿನ ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ಒಮ್ಮೆ ಎಳೆದು ತೆಗೆದಂದಿನಿಂದ ನಾನು ಅರ್ಧ ಎಂಜಿನಿಯರ್. ಲೆಕ್ಕಪತ್ರ ವಿಭಾಗದ ಗುಮಾಸ್ತ ಎನ್ನುವುದು ಸಂಬಳದ ಚೀಟಿಗೆ ಮಾತ್ರ ಗೊತ್ತು.

ನನ್ನವಳು ಮನೆಯಲ್ಲೇ ಕಿಟಕಿ ಪರದೆ ಹೊಲಿದು ಮಾರುತ್ತಾಳೆ. ಹೊಸದಾಗಿ ತೆರೆಯುತ್ತಿದ್ದ ಹೋಟೆಲಿನವರು ಎಲ್ಲ ಕೋಣೆಗಳಿಗೂ ಪರದೆ ಬೇಕು, ಸಂಜೆಯೊಳಗೆ ದರ ಮೇಲ್ ಮಾಡಿ ಎಂದಿದ್ದರು. ಅಷ್ಟು ದೊಡ್ಡ ಆರ್ಡರನ್ನು ಅವಳ ಹೊಲಿಗೆ ಮೆಷಿನ್ ಕನಸಿನಲ್ಲೂ ಕಂಡಿರಲಿಲ್ಲ.

"ಈಗಿರೋ ಮೇಲಲ್ಲೇ ಕಳಿಸಿದ್ರಾಯ್ತಲ್ಲ ರೀ?"

"ಪುಕ್ಕಟೆ ವಿಳಾಸದಿಂದಾನಾ? ಅಂಗಡಿ ಹೆಸರಲ್ಲಿ ಹೋಗ್ಬೇಕು ಕಣೇ. ಅದಕ್ಕೊಂದು ಗತ್ತು ಬೇಡ್ವಾ? ನಾನೇ ಸರ್ವರ್ ಕೂರಿಸ್ತೀನಿ."

"ಸಂಜೆಯೊಳಗೆ ಕೂತ್ಕೊಳ್ಳುತ್ತಾ ಅದು?"

ಹಳೇ ಕಂಪ್ಯೂಟರೊಂದನ್ನು ನಮ್ಮದೇ ಅಂಚೆ ಕಚೇರಿಯೆಂದು ಫ್ರಿಜ್ ಪಕ್ಕ ಪ್ರತಿಷ್ಠಾಪಿಸಿದೆ. ಹೊಸ ಸರ್ವರಿನಿಂದ ಹೊರಟ ಮೇಲನ್ನು ಲೋಕ ಸುಲಭಕ್ಕೆ ನಂಬುವುದಿಲ್ಲ. ಅಂಗಡಿ ಹೆಸರಲ್ಲಿ ಬರೆಯುವ ಅಧಿಕಾರ ಈ ಯಂತ್ರಕ್ಕಿದೆ ಎಂದು ಸಾರುವ ದಾಖಲೆ ಬೇಕು, ಅದು ಎಸ್‌ಪಿಎಫ್. ಪ್ರತಿ ಮೇಲಿಗೂ ಗುಟ್ಟಿನ ಸಹಿ ಬೇಕು, ಅದು ಡಿಕೆಐಎಂ. ಇದನ್ನೆಲ್ಲ ಅವಳಿಗೆ ಗಂಭೀರವಾಗಿ ವಿವರಿಸಿದೆ.

"ಮಗುವಿಗೆ ಹಾಕ್ಸೋ ಲಸಿಕೆ ಹೆಸರಿದ್ದ ಹಾಗಿದೆ," ಎಂದು ಅವಳು ಸೂಜಿಗೆ ದಾರ ಪೋಣಿಸಿದಳು.

ಎರಡೂ ಲಸಿಕೆ ಹಾಕಿದ್ದಾಯಿತು. ಪರೀಕ್ಷೆ ಮಾಡಬೇಡವೇ? ಅತ್ತೆ, ನಾದಿನಿ, ಷಡ್ಡಕ, ಅವರ ಬೀಗರು, ಹೀಗೆ ವಿಳಾಸ ಸಿಕ್ಕವರಿಗೆಲ್ಲ ಅಂಗಡಿ ಹೆಸರಲ್ಲಿ ಬರೆದೆ: "ಇದು ತಲುಪಿದ್ದರೆ ಕೂಡಲೇ ಉತ್ತರಿಸಿ." ಯಾರೂ ಉತ್ತರಿಸಲಿಲ್ಲ. ಅಲ್ಲೊಂದು ಇಲ್ಲೊಂದು ಅಕ್ಷರ ತಿದ್ದಿ ಮತ್ತೆ ಕಳಿಸಿದೆ. ಮತ್ತೆ ತಿದ್ದಿದೆ, ಮತ್ತೆ ಕಳಿಸಿದೆ. ನಡುನಡುವೆ ಹೋಟೆಲಿಗೂ ದರದ ಮೇಲನ್ನು ಅಷ್ಟೇ ಶ್ರದ್ಧೆಯಿಂದ ಕಳಿಸುತ್ತಿದ್ದೆ. ಊಟದ ಹೊತ್ತಿಗೆ ಮೇಲ್ ಕಂಪನಿಗಳ ಯಂತ್ರಗಳಿಂದ ಒಂದೇ ಉತ್ತರ ಬರತೊಡಗಿತು: ನಿಮ್ಮ ಸರ್ವರಿಗೆ ಒಳ್ಳೆಯ ಹೆಸರಿಲ್ಲ, ನಿಮ್ಮ ಮೇಲ್ ತೆಗೆದುಕೊಳ್ಳುವುದಿಲ್ಲ.

"ಹುಟ್ಟಿದ ದಿನವೇ ಹೆಸರು ಕೆಡಿಸ್ಕೊಳ್ತಾ?" ಎಂದಳು. ಈ ಸಲ ಅವಳ ದನಿಯಲ್ಲಿ ನಗು ಇರಲಿಲ್ಲ. ಹೋಟೆಲಿಗೆಂದು ಆರಿಸಿಟ್ಟಿದ್ದ ನೀಲಿ ಬಟ್ಟೆಯನ್ನು ಸುಮ್ಮನೆ ಮಡಚುತ್ತಿದ್ದಳು.

ಅಷ್ಟರಲ್ಲಿ ಅತ್ತೆಯವರ ಫೋನು.

"ಅಳಿಯಂದಿರೇ, ಹುಷಾರು. ಯಾರೋ ಕಳ್ಳ ನಮ್ಮ ಹುಡುಗಿ ಅಂಗಡಿ ಹೆಸರಲ್ಲಿ ಉತ್ತರ ಕೊಡಿ, ಉತ್ತರ ಕೊಡಿ ಅಂತ ಪ್ರಾಣ ತಿಂತಿದಾನೆ. ನಾನು ಬಿಡ್ತೀನಾ? ಸ್ಪ್ಯಾಮ್, ಅಂದ್ರೆ ಕಸದ ಮೇಲ್, ಅನ್ನೋ ಗುಂಡಿ ಒತ್ತಿದೆ. ನಮ್ಮವರೆಲ್ಲರಿಗೂ ಫೋನ್ ಮಾಡಿ ಒತ್ತಿಸಿದೆ. ನಮ್ಮ ಸಂಘದವರೂ ಒತ್ತಿದ್ರು."

"ಅವರಿಗೆ ನಾನು ಮೇಲೇ ಕಳಿಸಿರಲಿಲ್ಲವಲ್ಲ ಅತ್ತೆ?" ಎಂದು ಬಾಯಿ ತಪ್ಪಿ ಅಂದುಬಿಟ್ಟೆ.

"ನಾನೇ ಕಳಿಸಿಕೊಟ್ಟು ಒತ್ತಿಸಿದೆ," ಎಂದು ಮೆಲ್ಲಗೆ ಹೇಳಿ ಫೋನ್ ಇಟ್ಟರು.

ಫ್ರಿಜ್ ಪಕ್ಕ ಹೋಗಿ ಸರ್ವರಿನ ವೈರು ಕಿತ್ತು ವಾಪಸು ಬರುವಷ್ಟರಲ್ಲಿ ನನ್ನವಳು ಮೊಬೈಲು ಹಿಡಿದು ನಿಂತಿದ್ದಳು. ತನ್ನ ಪುಕ್ಕಟೆ ವಿಳಾಸದಿಂದಲೇ ದರ ಕಳಿಸಿದ್ದಳು, ಉತ್ತರವೂ ಬಂದಿತ್ತು. ಆರ್ಡರ್ ಅವಳದೇ! ಖುಷಿಗೆ ಇಬ್ಬರೂ ಅದೇ ನೀಲಿ ಬಟ್ಟೆಯ ಮೇಲೆ ಕೂತುಬಿಟ್ಟೆವು.

"ಕೆಳಗೆ ಇನ್ನೂ ಏನೋ ಬರೆದಿದಾರೆ ರೀ," ಎಂದು ಓದಿದಳು. "ನಿಮ್ಮ ಹೆಸರಿನಲ್ಲಿ ಬೆಳಿಗ್ಗೆಯಿಂದ ಒಬ್ಬ ಮೋಸಗಾರ ನಮಗೆ ಪದೇ ಪದೇ ಮೇಲ್ ಕಳಿಸುತ್ತಿದ್ದಾನೆ. ನಿಮಗೆ ಪರಿಚಯದವನೇ? ಹೌದಾದರೆ ತಿಳಿಸಿ, ಅಂಥವರ ನಂಟಿರುವವರ ಜೊತೆ ನಾವು ವ್ಯವಹಾರ ಇಟ್ಟುಕೊಳ್ಳುವುದಿಲ್ಲ."

ಅವಳು ನನ್ನ ಮುಖ ನೋಡಿದಳು. ನಾನು ನೀಲಿ ಬಟ್ಟೆ ನೋಡಿದೆ.

ಆಮೇಲೆ ಅವಳು ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದಳು: "ಆ ಮನುಷ್ಯ ಯಾರೆಂದು ನಮಗೆ ಗೊತ್ತಿಲ್ಲ."

ನಾನು ಪಕ್ಕದಲ್ಲೇ ಕೂತು ಕಾಗುಣಿತ ತಿದ್ದಿಕೊಟ್ಟೆ.